ರಾಚ ಹೇಳಿದ್ದು, ನಾನು ತಮಿಳಿನಲ್ಲಿ ಹೇಳಿದ್ದು

ತಾಳವಾಡಿ ಪೊಲೀಸ್ ಠಾಣೆ, ಸತ್ಯಮಂಗಲ ತಾಲ್ಲೂಕು, ಪೆರಿಯಾರ್ ಜಿಲ್ಲೆ
ದಿನಾಂಕ 22-3-1984, ಬೆಳಗ್ಗೆ 9-10 ಗಂಟೆ

ಹೆಸರು ಜಡೇಸ್ವಾಮಿ, ತಂದೆ ದಿವಂಗತ ಸಿದ್ದಮಲ್ಲಪ್ಪ, ವಯಸ್ಸು 47 ವರ್ಷ, ಕಸುಬು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಉಪಾಧ್ಯಾಯ, ವಾಸ ದೊಡ್ಡಗಾಜನೂರು, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ:

ಠಾಣೆಯ ಬರಹಗಾರರಿಗೆ ಕನ್ನಡ ಬಾರದ ಕಾರಣ, ಈ ಹೇಳಿಕೆಯನ್ನು ಸಬ್ ಇನ್ಸ್‌ಪೆಕ್ಟರ್ ಅವರ ಎದುರಿಗೆ ಕುಳಿತು ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ನನಗೆ ಯಾರ ಒತ್ತಾಯವೂ ಇಲ್ಲ.

ರುದ್ರಸ್ವಾಮಿ ಎಂಬುವರು ನನ್ನ ಹೆಂಡತಿ ಶಿವನಂಜಮ್ಮನ ಅಣ್ಣ. ಊರಿನಿಂದ ಒಂದೂವರೆ ಮೈಲಿ ದೂರದಲ್ಲಿ ಅವರಿಗೆ ಹಿಪ್ಪುನೇರಳೆ ತೋಟವೂ ರೇಷ್ಮೆ ಸಾಕುವ ಹುಳುಮನೆಯೂ ಇವೆ. ಅಲ್ಲಿ ರಾಚ, ವಯಸ್ಸು ಸುಮಾರು 34, ಮತ್ತು ಅವನ ಹೆಂಡತಿ ಪುಟ್ಟಮಾದಮ್ಮ ಜೀತಕ್ಕಿದ್ದಾರೆ. ರಾಚನ ತಂದೆ ಆ ತೋಟದಲ್ಲೇ ಜೀತದಾಳಾಗಿದ್ದು ತೀರಿಕೊಂಡ. ಮಾರನೆಯ ದಿನದಿಂದ ಮಗ ಆ ಜಾಗಕ್ಕೆ ಬಂದ. ಇದಾಗಿ ಹತ್ತೊಂಬತ್ತು ವರ್ಷ. ಜೀತ ಕೂಡದೆಂದು 1976ರಲ್ಲೇ ಕಾಯಿದೆ ಬಂದದ್ದು ನನಗೆ ಗೊತ್ತಿತ್ತು. ಅದನ್ನು ನಾನೇ ಶಾಲೆಯಲ್ಲಿ ಪಾಠ ಮಾಡಿದ್ದೇನೆ.

12-3-1984 ಸೋಮವಾರ ಬೆಳಗ್ಗೆ 7 ಗಂಟೆಗೆ ರುದ್ರಸ್ವಾಮಿ ನಮ್ಮ ಮನೆಗೆ ಬಂದರು. ಜೀತ ತೊಲಗಿಸಲು ಸರ್ಕಾರದವರು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ ಸೇರಿ ಊರೂರು ನೋಡುತ್ತಿದ್ದಾರೆಂದೂ, ಬುಧವಾರ ತಮ್ಮ ತೋಟಕ್ಕೆ ಬರುತ್ತಾರೆಂದೂ, ಆಳುಗಳ ಕನ್ನಡವನ್ನು ತಮಿಳಿಗೆ ಹೇಳಲು ತಹಸೀಲ್ದಾರರು ನನ್ನನ್ನೇ ಗೊತ್ತುಮಾಡಿದ್ದಾರೆಂದೂ ತಿಳಿಸಿದರು. ನನ್ನ ಮಗಳು ವಿಶಾಲಾಕ್ಷಿಯನ್ನು ಅವರ ಮಗನಿಗೆ ಕೊಡುವುದೆಂದು ಮಾತಾಗಿ ಆಗ ಹದಿನೇಳು ದಿನ. ಏಳುವಾಗ ಅವರು, "ಭಾವ, ರಾಚ ಯಾನಾರ ಒದರ್ಕಳ್ಳಿ. ತಮಿಳ್ಲಿ ಯೋಳೋದು ನಿಮ್ಮ ಬಾಯಿ ತಾನೆ?" ಎಂದರು. ನಾನು ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಕಾಫಿ ಕುಡಿದು ಹೋಗಿ ಎಂದೆ.

14-3-1984 ಬುಧವಾರ ಬೆಳಗ್ಗೆ 11-20ಕ್ಕೆ ಎರಡು ಜೀಪುಗಳು ತೋಟಕ್ಕೆ ಬಂದವು. ಅಧಿಕಾರಿಗಳು ಐವರು, ಜಿನೀವಾದಿಂದ ಬಂದ ಸುಮಾರು ಐವತ್ತು ವರ್ಷದ ಹೆಂಗಸು ಒಬ್ಬರು, ಅವರಿಗೆ ತಮಿಳನ್ನು ಇಂಗ್ಲಿಷಿನಲ್ಲಿ ಹೇಳಲು ಮದರಾಸಿನವರು ಒಬ್ಬರು. ಅಧಿಕಾರಿಗಳು ರುದ್ರಸ್ವಾಮಿಯವರನ್ನು ನೂರು ಅಡಿ ದೂರದ ಪಂಪ್‌ಸೆಟ್ ಮನೆಯ ಹತ್ತಿರ ನಿಲ್ಲಿಸಿದರು. ನಾನು ನಿಜ ಹೇಳಿದ್ದರೆ ಅವರಿಗೆ ಕೇಳಿಸುತ್ತಲೂ ಇರಲಿಲ್ಲ.

ಇಷ್ಟವಿಲ್ಲದಿದ್ದರೆ ಇಲ್ಲಿಂದ ಹೋಗಬಹುದೇ ಎಂದು ಆ ಹೆಂಗಸು ಕೇಳಿಸಿದರು. ರಾಚ ನನ್ನ ಮುಖ ನೋಡಿ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: "ನಮ್ಮವ್ವ ಸತ್ತಾಗ ಮಣ್ಣಾಕಕೂ ಬುಡ್ನಿಲ್ಲ ಬುದ್ಧಿ. ಓಯ್ತೀನಿ ಅಂದುದ್ಕ ನನ್ನೆಡ್ತಿಯ ಉಳುಮನೆಲಿ ಕೂಡಿ ಬೀಗ ಆಕುದ್ರು. ನಮ್ಮ ಇಲ್ಲಿಂದ ಬುಡ್ಸಿ ಅಂತ ಆಯಮ್ಮನ್ಗ ಯೋಳಿ."

ನಾನು ತಮಿಳಿನಲ್ಲಿ ಹೇಳಿದ್ದು: ಇವನ ತಾಯಿ ತೀರಿಕೊಂಡಾಗ ಯಜಮಾನರು ಬಹಳ ಆಸರೆಯಾದರು, ಆ ಋಣಕ್ಕೆ ಗಂಡ ಹೆಂಡತಿ ಇಷ್ಟಪಟ್ಟು ಇಲ್ಲೇ ಇದ್ದಾರೆ.

ಇದನ್ನು ಹೇಳಲು ನಾನು ಒಂದು ಸಲವೂ ತಡವರಿಸಲಿಲ್ಲ.

ಆ ಹೆಂಗಸು ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚಿ ರಾಚನನ್ನು ನೋಡಿ ಏನೋ ಹೇಳಿದರು. ಅವನ ತಾಯಿಯ ಸಾವಿಗೆ ಅವರು ಸಂಕಟಪಟ್ಟರೆಂದು ಮದರಾಸಿನವರು ತಿಳಿಸಿದರು. ಅದನ್ನು ನಾನು ರಾಚನಿಗೆ ಸರಿಯಾಗಿ ಹೇಳಿದೆ. ರಾಚ ತನ್ನ ಮಾತೆಲ್ಲ ಅವರಿಗೆ ಮುಟ್ಟಿತೆಂದು ತಿಳಿದು ಕೈಮುಗಿದ, ಅತ್ತ. 11-50ಕ್ಕೆ ಜೀಪುಗಳು ಹೊರಟವು. ಸಂಜೆ ರುದ್ರಸ್ವಾಮಿ ಕೇಳಿದಾಗ ನಾನು ಏನು ಹೇಳಿದೆನೆಂದು ತಿಳಿಸಿದೆ. ಅವರು ನಕ್ಕು ನನ್ನ ಬೆನ್ನು ತಟ್ಟಿದರು.

19-3-1984 ಸೋಮವಾರ ಮಧ್ಯಾಹ್ನ 3-40ಕ್ಕೆ ರಾಚ, ಪುಟ್ಟಮಾದಮ್ಮ ಬಟ್ಟೆಯ ಗಂಟು ಹೊತ್ತು ಶಾಲೆಯ ಬಾಗಿಲಿಗೆ ಬಂದರು. ಐದು ದಿನ ಜೀಪು ಬರುತ್ತದೆಂದು ಕಾದು, ಬಾರದ್ದರಿಂದ ಹಗಲಿನಲ್ಲೇ ಎದ್ದು ಬಂದಿದ್ದರು. "ನಿಮ್ಮ ಬಾಯಿಂದ ನಮ್ಗ ಬುಡ್ಗಡ ಆಯ್ತು ಬುದ್ಧಿ. ತಂಗಿ ಊರ್ಗ ಒಂಟೀವಿ" ಎಂದು ರಾಚ ಬಾಗಿಲಲ್ಲೇ ಅಡ್ಡಬಿದ್ದ. ತಂಗಿ ಪುಟ್ಟನಂಜಮ್ಮ ಇರುವುದು ಗೆಟ್ಟವಾಡಿಯಲ್ಲಿ. ಅಲ್ಲೇ ಅವನ ತಾಯಿಯನ್ನು ಮಣ್ಣು ಮಾಡಿದ್ದು. ಬಿಡುಗಡೆ ಆಗಿಲ್ಲವೆಂದು ಹೇಳಲು ನನಗೆ ಹತ್ತು ನಿಮಿಷ ಸಮಯವಿತ್ತು. ಹುಷಾರಾಗಿ ಹೋಗು ಎಂದಷ್ಟೇ ಹೇಳಿದೆ.

ಮಾರನೆಯ ದಿನ, ರಾಚನನ್ನು ದಾರಿಯಲ್ಲಿ ಹೊಡೆದಿದ್ದಾರೆ, ತಂಗಿ ಬಂದು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದ್ದಾಳೆ ಎಂದು ತಿಳಿಯಿತು. ನಿನ್ನೆ 21-3-1984 ಮಧ್ಯಾಹ್ನ 12 ಗಂಟೆಗೆ ಹೋಗಿ ನೋಡಿದೆ. ಬಲಗಾಲು ಎರಡು ಕಡೆ ಮುರಿದಿತ್ತು. ಸೋಮವಾರ ಕೆರೆ ಏರಿಯ ಮೇಲೆ ರುದ್ರಸ್ವಾಮಿ ಮತ್ತು ಇಬ್ಬರು ಆಳುಗಳು ಟ್ರ್ಯಾಕ್ಟರಿನಲ್ಲಿ ಬಂದು ತಡೆದು, ಕಬ್ಬಿಣದ ಸಲಾಕೆಯಿಂದ ಹೊಡೆದು, ಹುಳುಮನೆಯಲ್ಲಿ ಕೂಡಿ ಬೀಗ ಹಾಕುತ್ತೇವೆಂದು ಹೇಳಿ ಪುಟ್ಟಮಾದಮ್ಮನನ್ನು ಹತ್ತಿಸಿಕೊಂಡು ಹೋದರೆಂದು ರಾಚ ತಿಳಿಸಿದ. ಹೊಡೆಯುವಾಗ, ಮೇಷ್ಟ್ರು ತಮಿಳಿನಲ್ಲಿ ಹೇಳಿದ್ದೇ ಬೇರೆ ಎಂದು ರುದ್ರಸ್ವಾಮಿ ಗಂಡ ಹೆಂಡತಿ ಇಬ್ಬರಿಗೂ ಹೇಳಿ ನಕ್ಕರಂತೆ. "ನಮ್ಮ ಮೇಷ್ಟ್ರು ಅಂಗೆಲ್ಲ ಯೋಳ ಆಸಾಮಿ ಅಲ್ಲ ಅಂದಿ ಬುದ್ಧಿ" ಎಂದು ರಾಚ ಹೇಳಿದ.

ಆಗ ನಾನು ಇದ್ದದ್ದನ್ನು ಹೇಳಿದೆ. ರಾಚ ಗೋಡೆಯ ಕಡೆ ಮುಖ ಮಾಡಿದ. "ಆಯಮ್ಮ ನಮ್ಮವ್ವನ್ಗ ಸಂಕಟಪಟ್ಟುದ್ದು? ಅದೂ ನಿಮ್ದೆಯಾ?" ಎಂದು ಕೇಳಿದ. ಅದು ನಿಜ ಎಂದೆ.

ಬಸ್ಸಿನಲ್ಲಿ ತಾಳವಾಡಿಗೆ ಬಂದಾಗ ಸಂಜೆ 5-15. ಠಾಣೆಯ ಮುಂದೆಯೇ ಇಳಿದೆ. ಒಳಗೆ ಬರದೆ ಊರಿಗೆ ನಡೆದುಕೊಂಡು ಹೋದೆ. ಹೀಗಾಗಿ ಪುಟ್ಟಮಾದಮ್ಮ ಬೀಗದೊಳಗೆ ಕಳೆದ ಮೂರನೆಯ ರಾತ್ರಿ ನನ್ನಿಂದಲೇ ಆದದ್ದು.

ಈ ದಿನ ಬೆಳಗ್ಗೆ 6 ಗಂಟೆಗೆ ಮನೆಯಲ್ಲಿ ವಿಷಯ ತಿಳಿಸಿದೆ. ತನ್ನ ಒಡಹುಟ್ಟಿದವನನ್ನು ಜೈಲಿಗೆ ಹಾಕಿಸುತ್ತೀರಾ ಎಂದು ಶಿವನಂಜಮ್ಮ ಕೇಳಿದಳು. ವಿಶಾಲಾಕ್ಷಿ ಒಳಗಿನಿಂದ ನನ್ನ ಚಪ್ಪಲಿ ತಂದು ಬಾಗಿಲ ಹೊರಗೆ ಇಟ್ಟಳು.

ಪುಟ್ಟಮಾದಮ್ಮನನ್ನು ಕೂಡಲೇ ಬಿಡಿಸಬೇಕು. ಇದನ್ನು ಸಬ್ ಇನ್ಸ್‌ಪೆಕ್ಟರ್ ಅವರಿಗೆ ತಮಿಳಿನಲ್ಲಿ ಬಾಯಿಂದಲೂ ಹೇಳಿದ್ದೇನೆ. ಹುಳುಮನೆ ತೋರಿಸಲು ನಾನು ಜೀಪಿನಲ್ಲಿ ಬರುತ್ತೇನೆ.

ಅದೇ ದಿನ ಸಂಜೆ 4-30ಕ್ಕೆ ಮುಂದುವರಿಸಿ ಬರೆದದ್ದು:

ಮಧ್ಯಾಹ್ನ 12-25ಕ್ಕೆ ಪೊಲೀಸರು ಹುಳುಮನೆಯ ಬೀಗ ಒಡೆದರು. ರುದ್ರಸ್ವಾಮಿಯವರನ್ನು ತೋಟದಲ್ಲೇ ಹಿಡಿದರು. ಅವರು ನನ್ನ ಕಡೆ ನೋಡಲಿಲ್ಲ. ಪುಟ್ಟಮಾದಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ವಿಷಯ ತಿಳಿದು ಬಂದಿದ್ದ ರಾಚನ ತಂಗಿ ಪುಟ್ಟನಂಜಮ್ಮ ನೀರು ಕುಡಿಸಿದಳು. ಸಬ್ ಇನ್ಸ್‌ಪೆಕ್ಟರ್ ಅವರು ತಮಿಳಿನಲ್ಲಿ ಪ್ರಶ್ನೆ ಹಾಕಿ, ಕನ್ನಡದಲ್ಲಿ ಕೇಳುವಂತೆ ನನಗೆ ಸೂಚಿಸಿದರು. ಕೇಳಿದೆ. ಆಕೆ, "ಆ ಬಾಯಿ ಬ್ಯಾಡ. ನನ್ನ ಮಾತ ಅವ್ರ ಬಾಯ್ಗ ಕೊಡಲ್ಲ" ಎಂದಳು.

ಆಕೆ ಏನು ಹೇಳಿದಳೆಂದು ಸಬ್ ಇನ್ಸ್‌ಪೆಕ್ಟರ್ ಅವರು ನನ್ನನ್ನೇ ಕೇಳಿದರು. ನಾನು ಒಂದು ಮಾತೂ ಬಿಡದೆ ತಮಿಳಿನಲ್ಲಿ ಹೇಳಿದೆ. ಆಮೇಲೆ, ಬೆಟ್ಟದ ಕೆಳಗಿನ ತಮಿಳು ಸೀಮೆಗೆ ಕೂಲಿಗೆ ಹೋಗಿ ತಮಿಳು ಕಲಿತಿದ್ದ ಪುಟ್ಟನಂಜಮ್ಮನ ಮೂಲಕ ಆಕೆಯ ಹೇಳಿಕೆ ಪಡೆದರು. ಮುಗಿಯುವವರೆಗೆ ನಾನು ರಸ್ತೆಯಲ್ಲಿ ನಿಂತಿದ್ದೆ.

ಮೇಲೆ ಬರೆದದ್ದನ್ನು ಎರಡು ಸಲ ಓದಿಕೊಂಡಿದ್ದೇನೆ. ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟು, ಎಲ್ಲವೂ ನಿಜ. ಇದನ್ನು ತಮಿಳಿಗೂ ಇಂಗ್ಲಿಷಿಗೂ ಬೇರೆಯವರಿಂದ ಮಾಡಿಸಿ ಜಿನೀವಾದವರಿಗೆ ತಲುಪಿಸಬೇಕಾಗಿ ಕೋರುತ್ತೇನೆ.

ಸ್ಥಳ: ತಾಳವಾಡಿ
ದಿನಾಂಕ: 22-3-1984
(ಸಹಿ) ಜಡೇಸ್ವಾಮಿ