ಪೈ-ಹುಯಿ ಫೋಲ್ಡರ್ ಹೆಸರು ಮರೆತ ರಾತ್ರಿ

ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ಎದುರು ಮನೆಯ ಪೈ-ಹುಯಿಗೆ ಹೋದ ವರ್ಷ ನಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ, ಸತ್ತವರು ಓಡಾಡುವ ತಿಂಗಳಲ್ಲಿ ಆಗಿದ್ದು.

ಅವಳು ಆಫೀಸಿಂದ ಬರುವಾಗ ತೈಚುಂಗಿನ ನಮ್ಮ ಗಲ್ಲಿಯಲ್ಲಿ ಒಂದಂಗಡಿಯೂ ತೆರೆದಿರಲಿಲ್ಲ. ಭೂದೇವರ ಗುಡಿಯ ಆಲದಮರ ದಾಟಿದಳು. ಹಿಂದೆ ಸದ್ದು... ಚರ್... ಚರ್... ಪ್ಲಾಸ್ಟಿಕ್ ಚಪ್ಪಲಿ ಎಳೆಯುವ ಸದ್ದು. ಅವಳು ನಿಂತಳು. ಅದೂ ನಿಂತಿತು.

"ಹುಯಿ... ಮಗಳೇ..." ಮುದುಕಿಯ ಪಿಸುದನಿ.

ಆ ತಿಂಗಳಲ್ಲಿ ಹಿಂದಿನಿಂದ ಯಾರು ಕರೆದರೂ ತಿರುಗಬಾರದು. ತಿರುಗಲಿಲ್ಲ. ಮನೆಗೆ ಓಡಿ ಚಿಲಕ ಹಾಕಿದಳು.

ಗಂಡ ಚುಂಗ್-ಹಾನ್ ಮಗುವಿನ ಪಕ್ಕ ಬಿದ್ದುಕೊಂಡಿದ್ದ. "ನಾಳೆಯಿಂದ ಹಾಸಿಗೇನೂ ಆಫೀಸಿಗೇ ತಗೊಂಡೋಗು."

"ಮೆತ್ತಗೆ ಮಾತಾಡೋ, ಮಗು ಏಳತ್ತೆ... ಯಾರೋ ನನ್ ಹಿಂದೇನೇ ಬಂದ್ರು."

"ಬಂದ್ರೆ ಊಟಕ್ಕಿಕ್ಕು. ನಂಗಂತೂ ಇಕ್ಕೋರಿಲ್ಲ." ಮಗ್ಗುಲು ಬದಲಿಸಿದ. ಗೊರಕೆ.

ಅವಳಿಗೆ ಕೆಲಸ ಬಾಕಿಯಿತ್ತು, ಮನೆಯ ಕಂಪ್ಯೂಟರಿನ ಮುಂದೆ ಕೂತಳು. ಅಸ್ಥಿ ಇಡುವ ಗೋಪುರವೊಂದಕ್ಕೆ ಸತ್ತವರ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಪಾನ ಮಾಡುವ ಕೆಲಸ. ಬೆಳಗ್ಗೆ ಸತ್ತವರ ಮನೆಯವರೆಲ್ಲ ಗೋಪುರಕ್ಕೆ ಪೂಜೆಗೆ ಬರುತ್ತಾರೆ, ಅಲ್ಲಿನ ಪರದೆಯ ಮೇಲೆ ಮುಖಗಳು ಬರಬೇಕು. ಎಷ್ಟೋ ಮುಖಗಳಿಗೆ ಬೇರೆ ಪ್ರತಿಯೇ ಇಲ್ಲ. ಅಷ್ಟರೊಳಗೆ ಹಳೇ ಕಸದ ಫೋಲ್ಡರನ್ನು ಗುಡಿಸಬೇಕಿತ್ತು.

ಗುಡಿಸಲು ಒಂದು ಸ್ಕ್ರಿಪ್ಟ್ ಇತ್ತು, ಬರೆದುಕೊಟ್ಟಂತೆ ತಾನೇ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮು. -d ಅಂತ ಬರೆದು ಪಕ್ಕದಲ್ಲಿ ಫೋಲ್ಡರ್ ಹೆಸರು ಕೊಡಬೇಕು. -n ಅಂದರೆ ಅಳಿಸಬೇಡ, ಬರೀ ತೋರಿಸು. ಮೊದಲು ನೋಡಿಕೊಳ್ಳೋಣ ಅಂತ ಎರಡನ್ನೂ ಕುಟ್ಟಿದಳು. ಕಿವಿ ಬಾಗಿಲ ಕಡೆಗೇ ಇತ್ತು... ನಡುವೆ ಫೋಲ್ಡರ್ ಹೆಸರೇ ಬಿಟ್ಟುಹೋಯಿತು.

ಎಂಟರ್ ಒತ್ತಿದ ಮೇಲೆ ಕಂಡಿತು. -d ಪಕ್ಕ ಏನಿದ್ದರೂ ಹೆಸರು ಅಂದುಕೊಳ್ಳುವ ಮಂಕು ಸ್ಕ್ರಿಪ್ಟ್ ಅದು. -n ಅನ್ನೇ ಹೆಸರೆಂದು ನುಂಗಿತು. 'ಬರೀ ತೋರಿಸು' ಅನ್ನೋ ಮಾತು ಅಲ್ಲಿಗೆ ಮಾಯ. ಅಂಥ ಫೋಲ್ಡರ್ ಇಲ್ಲ ಅಂತ ಒಂದು ಸಾಲು ಗೊಣಗಿತು. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ತಾನಿದ್ದ ಫೋಲ್ಡರನ್ನೇ ಗುಡಿಸಲು ಹೊರಟಿತು.

ಇದ್ದದ್ದು ಸತ್ತವರ ಫೋಟೋಗಳ ನಡುವೆ.

ಅದು ಮೊದಲು ಎಣಿಸುತ್ತೆ, ಆಮೇಲೆ ಅಳಿಸುತ್ತೆ. ಎಣಿಸುತ್ತಿತ್ತು... ಒಳಗಿನ ಫ್ಯಾನು ಗುಂಯ್ ಅಂತ ಏರಿತು. ನಿಲ್ಲಿಸಲು ಕೈ ಚಾಚಬೇಕು. ಆಗಲೇ...

ಚರ್... ಚರ್...

ಚಿಲಕ ಹಾಕಿದ ಮನೆಯೊಳಗೆ. ಕುರ್ಚಿಯ ಹಿಂದೆ ಬಂದು ನಿಂತಿತು. ಕತ್ತಿಗೆ ತಣ್ಣನೆ ಉಸಿರು. ಅವಳ ಎರಡೂ ಕೈ ಬಾಯಿಗೆ ಹೋದವು, ಅಲ್ಲೇ ಮರಗಟ್ಟಿದವು.

"ನಮ್ಮನ್ನ ಅಳಿಸ್ತೀಯೇನೇ, ಮಗಳೇ..."

ತಿರುಗಲಿಲ್ಲ. ಕಣ್ಣು ಮುಚ್ಚಿದಳು.

ಟಕ್... ಟಕ್.

ಫ್ಯಾನು ಇಳಿಯಿತು. ಕಣ್ಣು ಬಿಟ್ಟರೆ ಪರದೆಯ ಮೇಲೆ ^C. ಓಡುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್ ಜೊತೆ ಸಿ ಒತ್ತಿದರೆ ಬರುವ ಗುರುತು. ಎಣಿಕೆ ಅರ್ಧಕ್ಕೇ ನಿಂತಿತ್ತು. ಒಂದು ಮುಖವೂ ಅಳಿಸಿರಲಿಲ್ಲ.

ಬೆಳಗ್ಗೆ ನನ್ನನ್ನು ಕರೆದು ತೋರಿಸಿದಳು. ಕನಸು ಬಿದ್ದಿರತ್ತೆ ಬಿಡೇ ಅಂದೆ. ಅವಳು ಕೀಬೋರ್ಡ್ ಮುಂದೆ ತಳ್ಳಿದಳು. ಮಗುವಿಗೆ ಉಬ್ಬಸ ಅಂತ ಆ ಮನೆಯಲ್ಲಿ ಊದುಬತ್ತಿಯನ್ನೇ ಹಚ್ಚುವುದಿಲ್ಲ. ಆದರೂ ಕಂಟ್ರೋಲ್, ಸಿ, ಆ ಎರಡೇ ಗುಂಡಿಗಳ ಮೇಲೆ ಊದುಬತ್ತಿಯ ಬೂದಿ ಇತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಈ ಬೆರಳಿಂದ ಮುಟ್ಟಿ ನೋಡಿದ್ದೇನೆ... ಇನ್ನೂ ಬೆಚ್ಚಗಿತ್ತು.