ಚುಕ್ಕಿ ಅಜ್ಜಿಯ ಬಾಲದ ಹಗ್ಗ

೨೦೧೯ರ ಡಿಸೆಂಬರ್ ೧೪, ಶನಿವಾರ, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ಮಾಫಿಯಾ ದ್ವೀಪದ ಕಿಲಿಂಡೋನಿ ದಕ್ಕೆಯಲ್ಲಿ ಹಡಗಿಗೆ ಕಾಯುತ್ತಿದ್ದ ಶಿಕ್ಷಕಿ ಸಬೀಹಾಳ ಪಕ್ಕದಲ್ಲೇ ಮುದುಕ ಮೀನುಗಾರ ಮಕಾಮೆ, ಅವನ ತಂಗಿಯ ಮಗಳು ರುಕಿಯಾ ಮಾತಿಗೆ ನಿಂತರು. ರುಕಿಯಾ ತಿಮಿಂಗಿಲ ಶಾರ್ಕ್ ತೋರಿಸಬೇಕಾಗಿದ್ದ ಆರು ಪ್ರವಾಸಿಗರು ಆಗಲೇ ದೋಣಿ ಹತ್ತಿದ್ದರು.

"ನಮ್ಮ ಚುಕ್ಕಿ ಅಜ್ಜಿ ಬಾಲಕ್ಕೆ ಹಗ್ಗ ಸುತ್ಕೊಂಡಿದೆ ಕಣೆ. ಅಷ್ಟು ದೊಡ್ಡ ಶಾರ್ಕು, ಈಜೋಕೇ ಆಗ್ತಿಲ್ಲ."

"ಯಾರ್ದು ಹಗ್ಗ, ಮಾಮ?"

"ನನ್ನ ಬಲೇದೇ. ಅವಳಿದ್ದಲ್ಲಿ ಮೀನಿರುತ್ತೆ ಅಂತ ಸುತ್ತ ಬಲೆ ಬಿಟ್ಟೆ."

"ಎಲ್ರೂ ಬಿಡ್ತಾರೆ. ಆಮೇಲೆ ಬಲೆಯ ಮೇಲಂಚು ತಗ್ಗಿಸಿ ಅವಳಿಗೆ ದಾರಿ ಕೊಡ್ತಾರೆ."

"ಇನ್ನೊಂಚೂರು ಮೀನು ಸೇರ್ಲಿ ಅಂತ ತಡೆದೆ. ಬಲೆ ಹರ್ಕೊಂಡೇ ಹೋದ್ಲು."

"ಹಲ್ಲು ಉದುರಿದ್ರೂ ಆಸೆ ಉದುರ್ಲಿಲ್ವಲ್ಲ ನಿಂಗೆ!"

"ಬೈಯಿ. ಈ ಚಾಕು ಮಾತ್ರ ತಗೊಂಡೋಗು. ನೀನು ಹೇಗೂ ನೀರಿಗಿಳೀತೀಯ."

"ಅವಳನ್ನ ಮುಟ್ಟಿದ್ರೆ ನನ್ನ ಗೈಡ್ ಪರವಾನಗಿ ಹೋಗುತ್ತೆ. ಮುಟ್ಟಬೇಡಿ ಅಂತ ಈ ಆರು ಜನಕ್ಕೆ ಈಗಷ್ಟೇ ಹೇಳ್ಬಂದೆ. ಮೀನುಗಾರಿಕೆ ಆಫೀಸಲ್ಲಿ ಕೇಳಿದ್ಯಾ?"

"ಹಗ್ಗ ಕತ್ತರಿಸೋಕೆ ಅಪ್ಪಣೆ ಸೋಮವಾರ ಸಿಗುತ್ತಂತೆ. ಅಲ್ಲಿವರೆಗೆ ಅವಳಿರ್ತಾಳೇನೆ?"

ರುಕಿಯಾ ಚಾಕುವನ್ನು ಅವನ ಕೈಯಲ್ಲೇ ಮಡಚಿಟ್ಟು ದೋಣಿ ಹತ್ತಿದಳು.

"ಹತ್ರದಿಂದ ನೋಡ್ಕೊಂಡಾದ್ರೂ ಬಾ" ಎಂದು ಮಕಾಮೆ ಕೂಗಿದ.

ದೋಣಿ ಹೊರಟಿತು. ಎಷ್ಟು ಹತ್ತಿರ ಹೋಗಬಹುದು ಎಂಬುದು ಸಬೀಹಾಳಿಗೆ ಗೊತ್ತಿತ್ತು. ದಕ್ಕೆಯಲ್ಲಿ ನಿಲ್ಲಿಸಿದ್ದ ಶಾರ್ಕ್ ನಿಯಮಗಳ ಫಲಕವನ್ನು ಅವಳೇ ಎಷ್ಟೋ ಸಲ ಮಕ್ಕಳಿಗೆ ಓದಿ ಹೇಳಿದ್ದಳು. ಈಜುವವರಿಗೂ ಶಾರ್ಕಿಗೂ ನಡುವೆ ಇರಬೇಕಾದ ಅಂತರ ಮೂರು ಮೀಟರ್.