ಪಾಯಖಾನೆ ಹಾದಿಯ ನಾಲ್ಕು ಪರಸಿ

ರಾಜಬಿ ಗಂಡ ಚಮನಸಾಬ ಮನಿಯಾರ, ವಯಸ್ಸು 51 ವರ್ಷ, ಉದ್ಯೋಗ ಹೊಲಿಗೆ ಕೆಲಸ, ಸಾ: ಇಂಗಳೇಶ್ವರ ರಸ್ತೆಯ ಹಿಂದಿನ ಓಣಿ, ಬಸವನ ಬಾಗೇವಾಡಿ, ಜಿ: ವಿಜಯಪುರ.

ಇಂದು ದಿನಾಂಕ 19-11-2024 ರಂದು ಮಧ್ಯಾಹ್ನ 1-20 ಗಂಟೆಗೆ ಠಾಣೆಯಲ್ಲಿ ಹಾಜರಿದ್ದು ಈ ಮೂಲಕ ತಿಳಿಸುವುದೇನೆಂದರೆ, ಬೀಗ ಹಾಕಿದವಳು ನಾನೇ ಇರುತ್ತೇನೆ. ಹಾಕು ಅಂತಾ ಯಾರೂ ಹೇಳಿಕೊಟ್ಟಿರುವುದಿಲ್ಲ. ಬೆಳಿಗ್ಗೆ 9-30ಕ್ಕೆ ಗಾರೆ ಕೆಲಸದ ಗೌಂಡಿ ನಬಿಲಾಲ, ವಯಸ್ಸು ಅಂದಾಜು 38, ನಮ್ಮ ಮನೆಯೊಳಗೆ ಇದ್ದಾಗ ನಾನು ಹೊರಗೆ ಬಂದು ಚಿಲಕ ಹಾಕಿ ಬೀಗ ಜಡಿದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಬರೀ ಇಷ್ಟನ್ನೇ ಬರೆದುಕೊಂಡರೆ ನಾನು ಹುಚ್ಚಿ ಅಂತಾ ಆಗುತ್ತದೆ. ಆದಕಾರಣ ಮೊದಲಿನಿಂದ ಬರೆದುಕೊಳ್ಳಬೇಕು, ಲಗೂನ ಬರೆದುಕೊಳ್ಳಬೇಕು ಅಂತಾ ಹೆಡ್ ಕಾನ್ಸ್‌ಟೇಬಲ್ ಬಸಂತರಾಯ ಸಾಹೇಬರಿಗೆ ಕೈಮುಗಿದು ಕೇಳಿಕೊಂಡಿರುತ್ತೇನೆ.

ನನ್ನ ಗಂಡ ಚಮನಸಾಬರು ಇಂಡಿ-ಸಿಂದಗಿ ಹಾದಿಯಲ್ಲಿ ಟೆಂಪೋ ಓಡಿಸುತ್ತಿದ್ದರು. ಹೋದ ಜುಲೈ ತಿಂಗಳಲ್ಲಿ ಅವರಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ದವಾಖಾನೆಯಿಂದ ಬಂದ ಮೇಲೆ ವಾಕರ್ ಹಿಡಿದು ನಡೆಯುತ್ತಾರೆ. ಅವರು ಮಲಗುವ ಖೋಲಿಯಿಂದ ಪಾಯಖಾನೆಗೆ ಹೋಗಲು ಅಡಿಗೆಮನೆಯ ಬಾಜೂ ಒಂದೇ ಹಾದಿ ಇದ್ದು, ಅದಕ್ಕೆ ತಾಳಿಕೋಟೆ ಪರಸಿ ಕಲ್ಲು ಹಾಸಿರುತ್ತದೆ. ಕೆಳಗೆಲ್ಲ ಎರೆಮಣ್ಣು. ಈ ಸಲದ ಮಳೆಗೆ ಮಣ್ಣು ಉಬ್ಬಿ ಇಳಿದು ನಡುವಿನ ನಾಲ್ಕು ಪರಸಿ ಕುಸಿದು, ಕಾಲಿಟ್ಟರೆ ತೊಟ್ಟಿಲ ಹಾಗೆ ತೂಗುತ್ತಿದ್ದವು. ಅಕ್ಟೋಬರ್ ತಿಂಗಳಲ್ಲಿ ಅಲ್ಲೇ ವಾಕರಿನ ಕಾಲು ಜಾರಿ ನನ್ನ ಗಂಡ ಮುಖ ಕೆಳಗಾಗಿ ಬಿದ್ದಿರುತ್ತಾರೆ.

ಅವತ್ತಿನಿಂದ ಅವರು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಮೊದಲು ನನಗೆ ಗೊತ್ತಾಗಲಿಲ್ಲ. ಒಂದು ದಿನ ಕಸ ಹೊಡೆಯುವಾಗ ಮಂಚದ ಕೆಳಗೆ ನಾನು ಕೊಟ್ಟ ಮಜ್ಜಿಗೆಯ ಲೋಟ ತುಂಬಿದ್ದು ತುಂಬಿದ ಹಾಗೆಯೇ ಇರುವೆ ಮುತ್ತಿ ಸಿಕ್ಕಿತು. ಕೇಳಿದ್ದಕ್ಕೆ ಅವರು, ಕುಡದ್ರ ಹೋಗಬೇಕಾಗತೈತಿ, ಹೋದ್ರ ಬೀಳತೇನಿ, ಬಿಡು ಅಂತಾ ಅಂದರು. ಆಮೇಲೆ ಉರಿಮೂತ್ರ ಶುರುವಾಯಿತು. ನೀರು ಕುಡಿಸಲೇಬೇಕು, ಇಲ್ಲದಿದ್ದರೆ ಕಿಡ್ನಿಗೆ ಹೋಗುತ್ತದೆ ಅಂತಾ ಡಾಕ್ಟರರು ನನ್ನನ್ನೇ ಬೈದು ಕಳಿಸಿದ್ದಾರೆ. ಹಾಸಿಗೆಯಲ್ಲೇ ಕೂರುವ ಪಾಟ್ ಮನೆಯಲ್ಲಿ ಇರುತ್ತದೆ. ಅದನ್ನು ಹತ್ತಿರ ಒಯ್ದ ದಿನ ಅವರು ಮುಸುಕು ಹಾಕಿಕೊಂಡು ಅತ್ತರು. ಒಂದು ಕಾಲರೆ ಐತಲ್ಲ ನಂಗ ಅಂದರು. ಮತ್ತೆ ನಾನು ಅದನ್ನು ಹೊರಗೆ ತೆಗೆದಿಲ್ಲ.

ಸದರಿ ನಾಲ್ಕು ಪರಸಿ ಕಿತ್ತು, ಕೆಳಗೆ ಗರಸು, ಅಂದರೆ ಕಲ್ಲುಮಣ್ಣು, ಹಾಕಿ ಗಟ್ಟಿ ಮಾಡಿ, ಅವೇ ಪರಸಿಗಳನ್ನು ಮತ್ತೆ ಕೂರಿಸುವುದು, ಇಷ್ಟೇ ಕೆಲಸ. ಹೊಸ ಕಲ್ಲು ಬೇಡ, ಟೈಲ್ಸ್ ಬೇಡ. ನವೆಂಬರ್ 4ನೇ ತಾರೀಖು ಬೆಳಿಗ್ಗೆ ಗೌಂಡಿಗಳು ಕೆಲಸಕ್ಕಾಗಿ ಬಂದು ನಿಲ್ಲುವ ನಾಕಾಕ್ಕೆ ಹೋಗಿ ನಬಿಲಾಲನನ್ನು ಕರೆತಂದು ತೋರಿಸಿದೆನು. ಆತ ಚಪ್ಪಲಿ ಸಹ ಬಿಡದೆ ಬಾಗಿಲಲ್ಲೇ ನಿಂತು ಕುತ್ತಿಗೆ ಚಾಚಿ ನೋಡಿ, ಹದಿನೆಂಟು ಸಾವಿರ ಆಗತೈತಿ ಚಾಚಿ ಅಂತಾ ಅಂದನು. ಯಾ ಅಲ್ಲಾ, ನಾಲ್ಕು ಕಲ್ಲಿಗೆ ಹದಿನೆಂಟು ಸಾವಿರ! ಆದರೂ ಮನೆಗೆ ಬಂದವನ ಮುಖಕ್ಕೆ ಹೊಡೆದಂತೆ ಬ್ಯಾಡ ಅನ್ನಲು ನನಗೆ ಬಾಯಿ ಬರಲಿಲ್ಲ. ನೋಡ್ತೇನಪಾ ನಬಿಲಾಲ, ಹೇಳಿ ಕಳಸ್ತೇನಿ ಅಂತಾ ಅಂದು ಚಹಾ ಕುಡಿಸಿ ಕಳಿಸಿರುತ್ತೇನೆ. ಕೆಟ್ಟಿದ್ದೇ ಇಲ್ಲಿ.

ಮುದ್ದೇಬಿಹಾಳಕ್ಕೆ ಕೊಟ್ಟ ನನ್ನ ಮಗಳು ನಿಷತಳಿಗೆ ಫೋನಿನಲ್ಲಿ ಹೇಳಿದಾಗ ಅವಳು, ಒಬ್ಬನ ಮಾತು ನಂಬಬ್ಯಾಡ ಅಮ್ಮಿ, ಮೂರು ಮಂದೀನ ಕೇಳು, ಖರೇ ರೇಟು ತಾನ ಗೊತ್ತಾಗತೈತಿ ಅಂತಾ ಅಂದಳು. ಮಾರನೇ ದಿನ ಅದೇ ನಾಕಾದಲ್ಲಿ ಇನ್ನಿಬ್ಬರನ್ನು ಕೇಳಿದೆ. ಯಾರ ಮನಿ ಅಂತಾ ಕೇಳಿಕೊಂಡು, ಜಾಗ ಸಹ ನೋಡದೆ, ಒಬ್ಬ ಇಪ್ಪತ್ತು ಅಂದ, ಇನ್ನೊಬ್ಬ ಇಪ್ಪತ್ತೆರಡು ಅಂದ. ಅವರ ಬಾಯಿಗೆ ತಡೆಯೇ ಇಲ್ಲವೇನೋ ಅನ್ನಿಸಿತು.

ನಮ್ಮ ಓಣಿಯ ರುಕ್ಮವ್ವ, ವಯಸ್ಸು 70, ಆಗ ನನಗೆ ಬಿಡಿಸಿ ಹೇಳಿದಳು. ಅದೇನೆಂದರೆ, ನಾಕಾದವರಲ್ಲಿ ಒಂದು ಕಟ್ಟುಪಾಡು ಐತಿ. ಒಂದು ಮನಿಗೆ ಮೊದಲ ಯಾವ ಗೌಂಡಿ ರೇಟು ಹೇಳತಾನೋ ಆ ಮನಿ ಅವಂದು. ಮನಿಯವರು ಬ್ಯಾಡಪಾ ಅಂತ ಖಡಕ್ ಆಗಿ ಹೇಳೂ ತನಕ ಉಳದವರು ಅವನಕಿಂತ ಕಡಿಮಿ ಹೇಳಂಗಿಲ್ಲ. ನಬಿಲಾಲನ ಕೈಯಾಗ ಕಲ್ಯಾಣಮಂಟಪದ ಟೈಲ್ಸ್ ಕೆಲಸ ಐತಿ, ನಿನ್ನ ನಾಕು ಕಲ್ಲು ಅವಂಗ ಯಾಕ ಬೇಕು? ಹದಿನೆಂಟು ಸಾವಿರ ಅಂದದ್ದು ಕೆಲಸ ಒಲ್ಲೆ ಅನ್ನಾಕ. ನೀ ಬ್ಯಾಡ ಅಂದಿದ್ರ ಮುಗದ ಹೋಗ್ತಿತ್ತು. ಹೇಳಿ ಕಳಸ್ತೇನಿ ಅಂದಿ, ಮನಿ ಅವನ ಹೆಸರಿಗೆ ಅಂಟಿ ಕುಂತೈತಿ ಅಂತಾ ಹೇಳಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂದಿರುತ್ತದೆ. ಮನೆ ನನ್ನದು, ಪರಸಿ ನನ್ನದು, ಬೀಳುವವರು ನನ್ನ ಗಂಡ, ನಾನು ಅವನ ಮನೆಗೆ ಹೋಗಿ ಬಿಡುಗಡೆ ಬೇಡಬೇಕೇನು? ಹೋಗಲಿಲ್ಲ. ಬಸ್ಸು ಹತ್ತಿ ಹೂವಿನ ಹಿಪ್ಪರಗಿಗೆ ಹೋಗಿ ಅಲ್ಲಿಯ ಗೌಂಡಿ ಗುರಪ್ಪನನ್ನು ಕಂಡೆನು. ಆತ ಕೇಳಿದ ಕೂಲಿ ಎರಡೂವರೆ ಸಾವಿರ, ಮೇಲೆ ಒಂದು ಊಟ. ಆ ಮಾತು ಕೇಳಿ ನಾನು ಬಸ್ಸಿನಲ್ಲಿ ಅಳುತ್ತ ಬಂದಿರುತ್ತೇನೆ. ದುಃಖಕ್ಕಲ್ಲ, ಸಮಾಧಾನಕ್ಕೆ.

ಗುರಪ್ಪ 17ನೇ ತಾರೀಖು ರವಿವಾರ ಬೆಳಿಗ್ಗೆ 8ಕ್ಕೆ ಬಂದನು. ಕಬ್ಬಿಣದ ಹಾರಿ ಹಾಕಿ ನಾಲ್ಕೂ ಪರಸಿ ಎಬ್ಬಿಸಿ ಗೋಡೆಗೆ ಆನಿಸಿಟ್ಟು, ಎರೆಮಣ್ಣನ್ನು ಮೊಣಕಾಲುದ್ದ ತೋಡಿ ಹಿತ್ತಲಿಗೆ ಹಾಕಿದನು. 11 ಗಂಟೆಗೆ ಚಹಾ ಕುಡಿದು ಬರುತ್ತೇನೆಂದು ಹೋದವನು ಮರಳಿ ಬಂದಾಗ ಮುಖ ಸಪ್ಪಗಿತ್ತು. ಕೈಕಾಲು ತೊಳೆದುಕೊಂಡು ಹತಾರ ಕಟ್ಟತೊಡಗಿದನು. ಕೇಳಿದ್ದಕ್ಕೆ, ಅಕ್ಕಾರ, ಈ ಮನಿ ನಬಿಲಾಲಂದು ಅಂತ ನಾಕಾದಾಗ ತಡದ್ರು, ನಾಳೆ ನಾನೂ ಈ ಊರಿಗೆ ದುಡಿಯಾಕ ಬರಬೇಕ್ರಿ, ತಪ್ಪು ತಿಳಕೋಬ್ಯಾಡ್ರಿ ಅಂತಾ ಹೇಳಿದನು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಾನು ಬೀದಿಯವರೆಗೆ ಅವನ ಹಿಂದೆ ಓಡಿದೆ. ಆತ ತಿರುಗಿ ನೋಡಲಿಲ್ಲ.

ಈಗ ಮೊದಲಿದ್ದ ಅಲುಗಾಡುವ ಪರಸಿಯೂ ಇಲ್ಲದಾಗಿ ಬರೀ ತಗ್ಗು ಉಳಿಯಿತು. ಹಲಗೆ ಹಾಕಿದೆ, ವಾಕರ್ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ನಾನೇ ತಗ್ಗಿನಲ್ಲಿಳಿದು ಅವರನ್ನು ಅವಚಿಕೊಂಡು ದಾಟಿಸಲು ಹೋಗಿ ಇಬ್ಬರೂ ಮಣ್ಣಿನಲ್ಲಿ ಬಿದ್ದೆವು. ಎದ್ದ ಮೇಲೆ ಅವರು ನನ್ನ ಸೀರೆಯ ಮಣ್ಣು ಜಾಡಿಸಿದರು. ಅಲ್ಲಿಗೆ ನೀರು ಪೂರಾ ಬಂದ್. ಚಮಚದಲ್ಲಿ ಕೊಟ್ಟರೂ ಹಲ್ಲು ಕಚ್ಚಿ ಹಿಡಿದರು.

ಅದೇ ದಿನ ನಾನು ನಾಕಾಕ್ಕೆ ಹೋಗಿ ಎಲ್ಲರೆದುರಿಗೆ ನಬಿಲಾಲನಿಗೆ ಕೈಮುಗಿದು, ನಿನ್ನ ರೇಟು ನಂಗ ಬ್ಯಾಡಪಾ, ನಮ್ಮ ಮನಿ ಬಿಟ್ಟುಕೊಡು ಅಂತಾ ಕೇಳಿದೆನು. ಆತ, ಹಿಪ್ಪರಗಿಯವನ್ನ ಕರಕೊಂಡು ಬಂದು ಅಗಿಸಿದ ಮ್ಯಾಲ ಈಗ ಕೇಳಾಕ ಬಂದಿರೇನು ಅಂತಾ ಅಂದನು. ಹದಿನೆಂಟು ಸಾವಿರವನ್ನೇ ಕೊಡ್ತೇನಿ, ಕಿವಿಯಾಗಿಂದು ಮಾರಿ ಕೊಡ್ತೇನಿ, ಇವತ್ತ ಬಾ ಅಂದೆ. ಪುರಸತ್ತಿಲ್ಲ, ಶನಿವಾರ ನೋಡೂಣು ಅಂದನು. ಹಿಂದೆ ನಿಂತ ಯಾರೋ ನಕ್ಕರು. ಶನಿವಾರದ ತನಕ ನೀರಿಲ್ಲದೆ ಮನುಷ್ಯ ಬದುಕುತ್ತಾನೇನು? ಇದನ್ನು ಹೀಗೇ ಬರೆಯಬೇಕು ಸಾಹೇಬರೇ.

ಇಂದು ಬೆಳಿಗ್ಗೆ ಅವರ ತುಟಿ ಒಡೆದು ರಕ್ತ ಬಂದಿತ್ತು. ಒದ್ದೆ ಬಟ್ಟೆ ಒತ್ತಿದರೆ ಗೋಡೆಯ ಕಡೆ ಹೊರಳಿದರು. ನಬಿಲಾಲನ ಹೆಂಡತಿ ಮೆಹರುನ್ನಿಸಾಳ ಎರಡು ಜಂಪರು ನನ್ನ ಬಳಿ ಹೊಲಿಯಲು ಇದ್ದವು. ತಯಾರಾಗ್ಯಾವು, ಬಂದು ಒಯ್ಯಿ ಅಂತಾ ನಬಿಲಾಲನಿಗೆ ಫೋನು ಮಾಡಿದೆನು. ನಾನು ಹೊಲಿಯುವವಳು. ಒಂದು ಹುಕ್ಕು ಹಚ್ಚಲು ತಂದವರನ್ನೂ ಸಣ್ಣ ಕೆಲಸ ಅಂತಾ ಹೊಳ್ಳಿ ಕಳಿಸಿದವಳಲ್ಲ. ಆತ ಬಂದು ಒಳಗೆ ಕಾಲಿಟ್ಟ ಕೂಡಲೇ ನಾನು ಹೊರಗೆ ಬಂದು ಬೀಗ ಹಾಕಿರುತ್ತೇನೆ. ಹೊರಗೆ ನಿಲ್ಲಿಸಿದ್ದ ಅವನ ಗಾಡಿಗೆ ಸಿಕ್ಕಿಸಿದ್ದ ಹತಾರದ ಥೈಲಿ ಬಿಚ್ಚಿ, ಕರಣಿ, ದಾರ, ಸುತ್ತಿಗೆ ಒಂದೊಂದಾಗಿ ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಕೊಟ್ಟೆನು. ಸಿಮೆಂಟು, ಉಸುಕು, ಗರಸು ಗುರಪ್ಪನಿಗಾಗಿ ತರಿಸಿದ್ದು ಹಿತ್ತಲಲ್ಲಿದ್ದವು. ಹಿತ್ತಲಿಗೆ ಆಳೆತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು ಇರುವುದರಿಂದ ಆತ ಹಾರಿ ಹೋಗುವಂತಿರಲಿಲ್ಲ. ಆತ ಬಾಗಿಲು ಒದ್ದು, ತಲಿ ಕೆಟ್ಟೈತೇನ ಚಾಚಿ ನಿಂದು ಅಂತಾ ಒದರಿ ನಾಕಾದವರಿಗೆ ಫೋನು ಮಾಡಿದನು. ಅವರು ಬಂದು ಬೀಗ ಒಡೆಯಲು ನೋಡಿದಾಗ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆನು. ಹೆಂಗಸಿನ ಮೈಗೆ ಕೈ ಹಚ್ಚಲಾರದೆ ಸರಿದು ನಿಂತರು.

ಸ್ವಲ್ಪ ಹೊತ್ತಿಗೆ ಒಳಗೆ ಒದರಾಟ ನಿಂತಿತು. ಕಿಟಕಿಯಿಂದ ನೋಡಲಾಗಿ, ನನ್ನ ಗಂಡ ಏನೋ ಮೆಲ್ಲಗೆ ಹೇಳಿದ್ದು ಕಂಡಿತು, ಏನೆಂದು ಕೇಳಿಸಲಿಲ್ಲ. ನಬಿಲಾಲ ಅವರನ್ನು ಬೆನ್ನಿಗೆ ಹೊತ್ತುಕೊಂಡು ತಗ್ಗು ದಾಟಿ ಪಾಯಖಾನೆಯಲ್ಲಿ ಕೂರಿಸಿ, ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದನು. ಮರಳಿ ತಂದು ಮಂಚದ ಮೇಲೆ ಇಳಿಸಿದ ಮೇಲೆ ಲುಂಗಿ ಎತ್ತಿ ಕಟ್ಟಿ ತಗ್ಗಿಗೆ ಇಳಿದನು. ಗರಸು ತುಂಬಿ ದಮ್ಮಸ್ಸು ಹೊಡೆಯುವಾಗಲೂ, ಸಿಮೆಂಟಿನ ಮಾಲು ಕಲಸುವಾಗಲೂ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದನು. ಎಷ್ಟು ಬೇಕೋ ಅಷ್ಟು ಬೈಯಲಿ ಅಂತಾ ನಾನು ಕಿಟಕಿಯಿಂದ ಪರಸಿ ಎಣಿಸುತ್ತಿದ್ದೆನು.

ಮೂರು ಪರಸಿ ಕೂತವು. ಅಷ್ಟರಲ್ಲಿ ಹೊರಗಿನವರಲ್ಲಿ ಯಾರೋ ಠಾಣೆಗೆ ತಿಳಿಸಿದ್ದರಿಂದ 12-50ಕ್ಕೆ ಜೀಪು ಬಂದಿತು. ಪೊಲೀಸರು ಕೇಳಿದ ಕೂಡಲೇ ನಾನು ಕೀಲಿ ಕೊಟ್ಟಿರುತ್ತೇನೆ. ನಬಿಲಾಲ ಸುತ್ತಿಗೆ ಹಿಡಿದು ಹೊರಗೆ ಬಂದು, ಇನ್ನೊಂದು ಉಳದೈತ್ರಿ, ಕೂರಿಸಿ ಬರ್ತೇನ್ರಿ ಅಂತಾ ಅಂದದ್ದು ನಾನು ಕೇಳಿರುತ್ತೇನೆ. ಮಂದಿಯ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಇಬ್ಬರನ್ನೂ ಕರೆತಂದಿದ್ದು, ಆತ ಹೊರಗಿನ ಬೆಂಚಿನ ಮೇಲೆ ಸಿಮೆಂಟಿನ ಕೈಯಲ್ಲೇ ಕುಳಿತಿರುತ್ತಾನೆ.

ನನ್ನ ಮೇಲೆ ಯಾವ ಕೇಸು ಹಾಕುವಿರೋ ಹಾಕಿರಿ, ನಾನು ಇಲ್ಲ ಅನ್ನುವುದಿಲ್ಲ, ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ನಬಿಲಾಲನನ್ನು ಈಗಲೇ ನಮ್ಮ ಮನೆಗೆ ಕಳಿಸಿರಿ, ಅವನ ಫಿರ್ಯಾದಿ ಆಮೇಲೆ ಬರೆದುಕೊಳ್ಳಿರಿ. ಮೂರನೇ ಪರಸಿ ಕೂತಿದ್ದನ್ನು ಕಂಡು ನನ್ನ ಗಂಡ ತಾವಾಗಿ ನೀರು ಕೇಳಿ, ನಾನು ಕಿಟಕಿಯಿಂದ ನೋಡುತ್ತಿರುವಾಗಲೇ, ನಬಿಲಾಲನ ಕೈಯಿಂದ ಒಂದು ತಂಬಿಗೆ ನೀರು ಗಟಗಟ ಕುಡಿದಿರುತ್ತಾರೆ. ನಾಲ್ಕನೆಯದೂ ಈಗಲೇ ಕೂರುತ್ತದೆ ಎಂದು ನಂಬಿ ಕುಡಿದಿರುತ್ತಾರೆ. ಮನೆಯಲ್ಲಿ ಅವರ ಜೊತೆ ರುಕ್ಮವ್ವ ಒಬ್ಬಳೇ ಇದ್ದಾಳೆ. ಪರಹೆಂಗಸಿನ ಮುಂದೆ ಅವರು ಪಾಯಖಾನೆಗೆ ಹೋಗಬೇಕು ಅಂತಾ ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕನೇ ಪರಸಿಯ ತಗ್ಗು ಹಾಗೇ ಇರುವಾಗ ತಾವೇ ಎದ್ದು ನಡೆಯುತ್ತಾರೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆ ಬರೋಬ್ಬರಿ ಇರುತ್ತದೆ, ಸುಳ್ಳು ಬೆರೆತಿರುವುದಿಲ್ಲ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 19-11-2024, ಮಧ್ಯಾಹ್ನ 1-55 ಗಂಟೆ
ಸಹಿ: ರಾಜಬಿ ಚ. ಮನಿಯಾರ